ಮದ್ದು ಕೊಟ್ಟ ಮೇಲಿನ ಕಾವಲು

ರೋಗಿಗಳನ್ನು ನೋಡಲು ಆಸ್ಪತ್ರೆಗೆ ಹೋದಾಗ ನಾವು ಪದೇ ಪದೇ ಕೇಳುವ ದೂರೊಂದಿದೆ: "ಉಸ್ತಾದರೇ, ಮದ್ದು ಕೊಟ್ಟಾಯಿತಲ್ಲ, ಮತ್ತೇಕೆ ಈ ನರ್ಸ್ ನಡುರಾತ್ರಿ ಎಬ್ಬಿಸಿ ನಾಡಿ ನೋಡುತ್ತಾರೆ?" ಕೊಟ್ಟ ಮದ್ದು ಮೈಯಲ್ಲಿ ಏನು ಮಾಡುತ್ತಿದೆ ಎಂದು ನೋಡುವುದೂ ಚಿಕಿತ್ಸೆಯೇ. ನಮ್ಮ ಚರಿತ್ರೆಗೆ ಇದು ಹೊಸತಲ್ಲ.

ಹಿಜರಿ 5ರ ಖಂದಕ್ ಯುದ್ಧದಲ್ಲಿ ಸಅದ್ ಬಿನ್ ಮುಆದ್(ರ)ರ ತೋಳಿನ ರಕ್ತನಾಳಕ್ಕೆ ಬಾಣ ತಗುಲಿತು. ಗಾಯಾಳುಗಳ ಆರೈಕೆ ಮಾಡುತ್ತಿದ್ದ ರುಫೈದಾ(ರ)ರ ಬಳಿಗೆ ಅವರನ್ನು ಕರೆತಂದರು. ಪ್ರವಾದಿ(ಸ)ರು ಅಲ್ಲಿ ಹಾದುಹೋಗುವಾಗ ಸಂಜೆ ಒಮ್ಮೆ, ಬೆಳಿಗ್ಗೆ ಒಮ್ಮೆ ಹೇಗಿದ್ದೀರಿ ಎಂದು ವಿಚಾರಿಸುತ್ತಿದ್ದರು. ಸಅದ್(ರ) ತಮ್ಮ ಸ್ಥಿತಿ ತಿಳಿಸುತ್ತಿದ್ದರು. ಹದೀಸ್ ಓದುವಾಗ ಈ ಸಾಲನ್ನು ನಾವು ಬೇಗ ದಾಟಿಬಿಡುತ್ತೇವೆ.

ಸುಮಾರು 1025ರಲ್ಲಿ ಮುಗಿದ 'ಅಲ್ ಖಾನೂನ್' ಗ್ರಂಥದಲ್ಲಿ ಇಬ್ನು ಸೀನಾ ಮದ್ದನ್ನು ಪರೀಕ್ಷಿಸುವ ನಿಯಮಗಳನ್ನು ಬರೆದರು. ಮದ್ದು ಯಾವ ಹೊತ್ತಿಗೆ ಕೆಲಸ ಮಾಡಿತೆಂದು ಗಮನಿಸಬೇಕು. ಪರಿಣಾಮ ಪ್ರತಿ ಸಲವೂ ಕಂಡರೆ ಮಾತ್ರ ನಂಬಬೇಕು. ಸಿಂಹದ ಮೇಲೋ ಕುದುರೆಯ ಮೇಲೋ ನೋಡಿದ್ದು ಮನುಷ್ಯನಿಗೂ ಹೊಂದುತ್ತದೆ ಎನ್ನುವಂತಿಲ್ಲ.

ನೂರುದ್ದೀನ್ ಝಂಗಿ ದಮಾಸ್ಕಸ್‌ನಲ್ಲಿ ಕಟ್ಟಿಸಿದ ಬೀಮಾರಿಸ್ತಾನದಲ್ಲಿ ವೈದ್ಯರು ಹಾಸಿಗೆಯಿಂದ ಹಾಸಿಗೆಗೆ ಹೋಗುವಾಗ ಪರಿಚಾರಕರು ಜೊತೆಗಿರುತ್ತಿದ್ದರು. ಬರೆದ ಮದ್ದು, ಪಥ್ಯವನ್ನು ತಡಮಾಡದೆ ಕೊಡುತ್ತಿದ್ದರು. 1284ರಲ್ಲಿ ಸುಲ್ತಾನ್ ಖಲಾವೂನ್ ಕೈರೋದಲ್ಲಿ ಸ್ಥಾಪಿಸಿದ ಆಸ್ಪತ್ರೆಯಲ್ಲಿ ಹೆಂಗಸರಿಗೆ ಬೇರೆ ವಿಭಾಗವಿತ್ತು, ಅಲ್ಲಿಗೆ ಮಹಿಳಾ ಪರಿಚಾರಕಿಯರಿದ್ದರು. ಖರ್ಚೆಲ್ಲ ವಖ್ಫ್‌ನದು.

ಎಲ್ಲಕ್ಕಿಂತ ನಮ್ಮನ್ನು ತಡೆದು ನಿಲ್ಲಿಸುವುದು 14ನೇ ಶತಮಾನದ ಇಬ್ನುಲ್ ಉಖುವ್ವಾರ ಹಿಸ್ಬಾ ಗ್ರಂಥ. ವೈದ್ಯರು ಕೊಟ್ಟ ಮದ್ದನ್ನು ಬರೆದು, ಅದರ ಪ್ರತಿಯನ್ನು ಮನೆಯವರ ಕೈಗೆ ಕೊಡಬೇಕು. ಮರುದಿನ ಬಂದು ಗುಣ ಕಂಡಿತೇ ಎಂದು ಕೇಳಿ ಮತ್ತೆ ಬರೆಯಬೇಕು. ಮೂರನೇ, ನಾಲ್ಕನೇ ದಿನವೂ ಹಾಗೆಯೇ. ರೋಗಿ ತೀರಿಕೊಂಡರೆ ಮನೆಯವರು ಆ ಕಾಗದಗಳನ್ನು ಮುಖ್ಯ ವೈದ್ಯರ ಮುಂದಿಡಬಹುದಿತ್ತು. ವೈದ್ಯರ ತಪ್ಪು ಕಂಡರೆ ದಿಯ್ಯತ್ ಕೇಳುವ ಹಕ್ಕೂ ಇತ್ತು. ಇಂದು ಹಾಸಿಗೆಯ ಬಳಿ ತೂಗುವ ಚಾರ್ಟನ್ನು ನೋಡುವಾಗ ನಮಗೆ ಇದು ನೆನಪಾಗುತ್ತದೆ.

ಇನ್ನೊಂದು ಕಡೆಯಿಂದಲೂ ಈ ವಿದ್ಯೆ ಬೆಳೆಯಿತು. 1854ರಲ್ಲಿ ಇಸ್ತಾಂಬುಲ್‌ನ ಉಸ್ಕುದಾರ್‌ನಲ್ಲಿ ಯುದ್ಧದ ಗಾಯಾಳುಗಳ ಸೇವೆಗೆ ನಿಂತ ಫ್ಲಾರೆನ್ಸ್ ನೈಟಿಂಗೇಲ್, ಮುಂದೆ ಶುಶ್ರೂಷೆಯ ಪುಸ್ತಕದಲ್ಲಿ ಗಮನಿಸುವುದಕ್ಕೇ ಒಂದು ಅಧ್ಯಾಯ ಇಟ್ಟರು. ರೋಗಿಗೆ ಚೆನ್ನಾಗಿ ನಿದ್ದೆ ಬಂತೇ ಎಂದರೆ ಸಾಲದು. ಎಷ್ಟು ತಾಸು, ಯಾವ ಯಾವ ಹೊತ್ತಿನಲ್ಲಿ ಎಂದು ಕೇಳಬೇಕೆಂದರು.

ಅದಕ್ಕೂ ಮೊದಲು, 1785ರಲ್ಲಿ, ಇಂಗ್ಲೆಂಡಿನ ವೈದ್ಯ ವಿಲಿಯಂ ವಿದರಿಂಗ್ ಡಿಜಿಟಾಲಿಸ್ ಎಂಬ ಗಿಡದ ಬಗ್ಗೆ ಬರೆದಿದ್ದರು. ಅಳತೆ ಮೀರಿದರೆ ವಾಂತಿ, ನಾಡಿ ನಿಧಾನ, ಕಣ್ಣಿಗೆ ಎಲ್ಲವೂ ಹಳದಿ ಹಸಿರು. ಆ ಜಾತಿಯ ಗಿಡದಿಂದಲೇ ಬಂದ ಡಿಗಾಕ್ಸಿನ್ ಮಾತ್ರೆಯನ್ನು ಇಂದಿಗೂ ಹೃದಯರೋಗಿಗಳಿಗೆ ಕೊಡುತ್ತಾರೆ. ಕೊಡುವ ಮೊದಲು ನರ್ಸ್ ಪೂರ್ತಿ ಒಂದು ನಿಮಿಷ ಹೃದಯ ಬಡಿತ ಎಣಿಸುತ್ತಾರೆ. ದೊಡ್ಡವರಲ್ಲಿ ಅದು 60ಕ್ಕಿಂತ ಕಡಿಮೆಯಿದ್ದರೆ ಸಾಮಾನ್ಯವಾಗಿ ಮಾತ್ರೆ ತಡೆದು ವೈದ್ಯರಿಗೆ ತಿಳಿಸುತ್ತಾರೆ.

ಆದರೆ ಮನೆಯವರು ಮುಚ್ಚಿಟ್ಟದ್ದನ್ನು ಅವರು ಎಣಿಸಲಾರರು. ಉಪವಾಸವಿರುವ ಸಕ್ಕರೆ ಕಾಯಿಲೆಯವರು "ತಿಂದಿದ್ದೇನೆ" ಎಂದು ಇನ್ಸುಲಿನ್ ಹಾಕಿಸಿಕೊಂಡರೆ ಸಕ್ಕರೆ ಕುಸಿದು ಪ್ರಜ್ಞೆ ತಪ್ಪಬಹುದು. ತಲೆದಿಂಬಿನ ಕೆಳಗಿನ ಕಷಾಯದ ಬಾಟಲಿಯನ್ನು ನಾವೂ ಕಂಡಿದ್ದೇವೆ. ಕೆಮ್ಮಿಗೆಂದು ಕೊಡುವ ಜ್ಯೇಷ್ಠಮಧು ಹೆಚ್ಚಾದರೆ ರಕ್ತದ ಪೊಟ್ಯಾಸಿಯಂ ಇಳಿಯುತ್ತದೆ. ಪೊಟ್ಯಾಸಿಯಂ ಇಳಿದವರಿಗೆ ಅದೇ ಅಳತೆಯ ಡಿಗಾಕ್ಸಿನ್ ಕೂಡ ವಿಷವಾಗಬಲ್ಲದು. ಬೇರೆ ಏನಾದರೂ ಕುಡಿದಿರಾ ಎಂದು ನರ್ಸ್ ಕೇಳುವುದು ಇದಕ್ಕೇ.