ಚಳಿಯಿಲ್ಲದ ಊರಿನಲ್ಲಿ ಚಳಿಯ ಎಂಜಿನಿಯರಿಂಗ್

ಬೆಂಗಳೂರಿನ ಹವಾಮಾನ ದಾಖಲೆಯಲ್ಲಿರುವ ಅತಿ ಕಡಿಮೆ ಉಷ್ಣಾಂಶ 7.8 ಡಿಗ್ರಿ ಸೆಲ್ಸಿಯಸ್. ಅದೂ 1884ರ ಜನವರಿ 13ರಷ್ಟು ಹಿಂದಿನ ಮಾತು. ಅಷ್ಟು ಚಳಿಗೆ ಯಾವ ಟ್ರ್ಯಾಕ್ಟರೂ ಮೊಂಡು ಹಿಡಿಯುವುದಿಲ್ಲ. ಎರಡು ಸಲ ಸೆಲ್ಫ್ ಹೊಡೆದರೆ ಹೊರಟೇಬಿಡುತ್ತದೆ. ಆದರೂ ಹಿಮ ಬೀಳುವ ಕಡೆಗಳಲ್ಲಿ ಎಂಜಿನ್ನುಗಳನ್ನು ಕಾಪಾಡುವ ಕೆಲಸದ ಒಂದು ಎಳೆ ಕಳೆದ ಏಳು ದಶಕಗಳಿಂದ ಈ ಊರಿನ ಕಾರ್ಖಾನೆಗಳಲ್ಲೂ ಪ್ರಯೋಗಾಲಯಗಳಲ್ಲೂ ಹರಿದುಬಂದಿದೆ. ಆ ಕೆಲಸ ಕೈಯಿಂದ ಲೋಹಕ್ಕೆ, ಲೋಹದಿಂದ ಸಾಫ್ಟ್‌ವೇರಿಗೆ ದಾಟಿದ ಬಗೆಯನ್ನು ನೋಡಲು ಬೆಂಗಳೂರಿನ ಹೊರವಲಯ ಒಳ್ಳೆಯ ಜಾಗ.

ಚಳಿಯ ಮೊದಲ ಏಟು ಬ್ಯಾಟರಿಗೆ. ಮೈನಸ್ 18 ಡಿಗ್ರಿಯಲ್ಲಿ ಮಾಮೂಲಿ ಲೆಡ್-ಆಸಿಡ್ ಬ್ಯಾಟರಿ ತನ್ನ ಕಸುವಿನಲ್ಲಿ ಹೆಚ್ಚುಕಡಿಮೆ ಅರ್ಧ ಕಳೆದುಕೊಂಡಿರುತ್ತದೆ. ಆಯಿಲ್ ಮಂದವಾಗಿ ಎಂಜಿನ್ ತಿರುಗಿಸಲು ಹೆಚ್ಚು ಬಲ ಬೇಕಾಗುವುದೂ ಅದೇ ಹೊತ್ತಿನಲ್ಲೇ. ನಮ್ಮ ಗ್ಯಾರೇಜುಗಳಲ್ಲಿ ಕಣ್ಣು ಮುಚ್ಚಿ ಸುರಿಯುವ 15ಡಬ್ಲ್ಯು-40 ಆಯಿಲ್ಲಿನ ಚಳಿ ಪರೀಕ್ಷೆ ನಡೆಯುವುದು ಮೈನಸ್ 20ರಲ್ಲಿ. ಅದಕ್ಕಿಂತ ಕೆಳಗೆ ಇಳಿಯಬೇಕೆಂದರೆ ಮೈನಸ್ 30ರಲ್ಲಿ ಪರೀಕ್ಷಿಸಿದ 5ಡಬ್ಲ್ಯು, ಮೈನಸ್ 35ರ 0ಡಬ್ಲ್ಯು ಬೇಕು. ರೇಡಿಯೇಟರಿನಲ್ಲಿ ಬರೀ ನೀರಿದ್ದರೆ ಅದು ಹೆಪ್ಪುಗಟ್ಟುವಾಗ ಶೇಕಡಾ 9ರಷ್ಟು ಹಿಗ್ಗಿ ಎಂಜಿನ್ ಬ್ಲಾಕನ್ನೇ ಸೀಳಬಲ್ಲದು. ನೀರಿಗೆ ಸಮಪಾಲು ಎಥಿಲೀನ್ ಗ್ಲೈಕಾಲ್ ಬೆರೆಸಿದರೆ ಹೆಪ್ಪುಗಟ್ಟುವ ಮಟ್ಟ ಸುಮಾರು ಮೈನಸ್ 37ಕ್ಕೆ ಇಳಿಯುತ್ತದೆ. ಎಲ್ಲಕ್ಕಿಂತ ಕಾಡುವುದು ಡೀಸೆಲ್. ಡಿಸೆಂಬರಿನಲ್ಲಿ ತೆಂಗಿನೆಣ್ಣೆ ಬಾಟಲಿಯೊಳಗೇ ಗಟ್ಟಿಯಾಗುವ ಹಾಗೆ ಡೀಸೆಲ್ಲಿನ ಮೇಣವೂ ಚಳಿಗೆ ಹರಳಾಗಿ ಫಿಲ್ಟರನ್ನು ಕಟ್ಟಿಬಿಡುತ್ತದೆ. ಲಡಾಖಿನ ಕಡೆ ಲಾರಿ ಚಾಲಕರು ಟ್ಯಾಂಕಿನ ಕೆಳಗೆ ಬೆಂಕಿ ಹಾಕುತ್ತಿದ್ದದ್ದು, ಡೀಸೆಲ್ಲಿಗೆ ಸೀಮೆಎಣ್ಣೆ ಬೆರೆಸುತ್ತಿದ್ದದ್ದು ಇದಕ್ಕೇ. ಅಪಾಯದ ಕೆಲಸ ನಿಜ, ಆದರೆ ಅಲ್ಲಿ ಬೇರೆ ದಾರಿಯಿರಲಿಲ್ಲ.

ಈ ಕಥೆಯಲ್ಲಿ ಬೆಂಗಳೂರಿನ ಪಾತ್ರ ಆರಂಭವಾಗುವುದು 1951ರಲ್ಲಿ, ಮೋಟಾರ್ ಇಂಡಸ್ಟ್ರೀಸ್ ಕಂಪನಿಯೊಂದಿಗೆ. ಊರಿನ ಬಾಯಲ್ಲಿ ಅದು ಮೈಕೊ, 2008ರಿಂದ ಬಾಷ್. ಆಡುಗೋಡಿಯ ಕಾರ್ಖಾನೆಯ ಡೀಸೆಲ್ ಪಂಪುಗಳು ದೇಶದ ಟ್ರ್ಯಾಕ್ಟರು, ಲಾರಿಗಳಿಗೆ ಹೋದವು. ಆ ಕಾಲದ ಪಂಪುಗಳಲ್ಲಿ ಚಳಿಗೆ ಇದ್ದ ಉತ್ತರ ಸರಳ: ಸ್ಟಾರ್ಟ್ ಮಾಡುವಾಗ ಮಾತ್ರ ಹೆಚ್ಚು ಡೀಸೆಲ್ ಬಿಡುವ ಏರ್ಪಾಡು. ಡೀಸೆಲ್ ಎಂಜಿನ್ನಿಗೆ ಕಿಡಿ ಬೇಡ, ಒತ್ತಿದ ಗಾಳಿಯ ಕಾವೇ ಸಾಕು. ಆದರೆ ಸಿಲಿಂಡರಿನ ಗೋಡೆ ತಣ್ಣಗಿದ್ದರೆ ಆ ಕಾವು ಗೋಡೆಗೇ ಸೋರಿಹೋಗುತ್ತದೆ. ಆಗ ಹೀಟರ್ ಪ್ಲಗ್ಗೋ, ಒಳಬರುವ ಗಾಳಿಯ ದಾರಿಯಲ್ಲೇ ಒಂದಿಷ್ಟು ಡೀಸೆಲ್ ಉರಿಸಿ ಗಾಳಿ ಬಿಸಿಮಾಡುವ ಥರ್ಮೋಸ್ಟಾರ್ಟೋ ಬೇಕು. ವೈಟ್‌ಫೀಲ್ಡ್ ರಸ್ತೆಯ ಮಹದೇವಪುರದಲ್ಲಿ 1967ರಲ್ಲಿ ಜಪಾನಿನ ಮಿತ್ಸುಬಿಷಿಯ ಸಹಯೋಗದಿಂದ ಹುಟ್ಟಿದ ವಿ.ಎಸ್.ಟಿ. ಟಿಲ್ಲರ್ಸ್ ಟ್ರ್ಯಾಕ್ಟರ್ಸ್ ಹೆಸರು ಮಾಡಿದ್ದು ಗದ್ದೆಯ ಪವರ್ ಟಿಲ್ಲರಿನಿಂದ. ಮುಂದೆ ಅದರ ಸಣ್ಣ ಟ್ರ್ಯಾಕ್ಟರುಗಳು ಯುರೋಪಿಗೂ ಹೋದವು. ಮಂಡ್ಯದ ಗದ್ದೆಗೆ ಬೇಡವಾದ ಈ ಚಳಿಯ ಏರ್ಪಾಡು ಅಲ್ಲಿ ಬೇಕಾಗುತ್ತದೆ.

ಚಳಿಯನ್ನು ಎದುರಿಸುವ ಇನ್ನೊಂದು ದಾರಿ, ಹೆಪ್ಪುಗಟ್ಟುವ ವಸ್ತುವನ್ನೇ ಇಟ್ಟುಕೊಳ್ಳದಿರುವುದು. 1964ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ಸರ್ಕಾರಿ ಕಂಪನಿ ಬೆಮೆಲ್, 1980ರ ದಶಕದಲ್ಲಿ ಚೆಕೊಸ್ಲೊವಾಕಿಯಾದೊಂದಿಗಿನ ಒಪ್ಪಂದದಡಿ ಸೇನೆಗೆ ಕೊಟ್ಟ ಟಾಟ್ರಾ ಲಾರಿಗಳ ಎಂಜಿನ್ ಗಾಳಿಯಿಂದಲೇ ತಣಿಯುವಂಥದ್ದು. ರೇಡಿಯೇಟರ್ ಇಲ್ಲ, ಕೂಲೆಂಟ್ ಇಲ್ಲ, ಸಂಜೆ ನೀರು ಬಸಿದು ಬೆಳಿಗ್ಗೆ ತುಂಬುವ ರಗಳೆಯೂ ಇಲ್ಲ. ಆ ಲಾರಿಗಳ ಖರೀದಿಯ ವಿವಾದ ಮಾತ್ರ ಮುಂದೆ ಪತ್ರಿಕೆಗಳ ತುಂಬ ಓಡಾಡಿತು. ಎಂಜಿನ್ನಿನ ಈ ಗುಣದ ಬಗ್ಗೆ ಯಾರೂ ಅಷ್ಟಾಗಿ ಬರೆಯಲಿಲ್ಲ.

ಅತ್ಯಂತ ಕಠಿಣ ಪರೀಕ್ಷೆ ನಡೆದದ್ದು ಮಾತ್ರ ವಿಮಾನಗಳ ಮೇಲೆ. ತೇಜಸ್ ಯುದ್ಧವಿಮಾನದ ದೊಡ್ಡ ಎಂಜಿನ್ನನ್ನು ತಿರುಗಿಸಲು ಒಳಗೇ ಒಂದು ಪುಟ್ಟ ಗ್ಯಾಸ್ ಟರ್ಬೈನ್ ಇದೆ: ಎಚ್.ಎ.ಎಲ್.ನ ಬೆಂಗಳೂರು ಎಂಜಿನ್ ಸಂಶೋಧನಾ ಕೇಂದ್ರ ರೂಪಿಸಿದ ಜೆಟ್ ಫ್ಯೂಯೆಲ್ ಸ್ಟಾರ್ಟರ್. ಲೇಹ್ ವಿಮಾನ ನಿಲ್ದಾಣ 10,600 ಅಡಿಗಿಂತಲೂ ಎತ್ತರದಲ್ಲಿದೆ. ಅಲ್ಲಿ ಗಾಳಿ ತೆಳು, ಚಳಿ ಗಡಸು. ಹೊರಗಿನಿಂದ ಬಿಸಿಯನ್ನಾಗಲಿ ವಿದ್ಯುತ್ತನ್ನಾಗಲಿ ಕೊಡದೆ ಒಂದರ ಹಿಂದೊಂದು ಮೂರು ಸಲ ಸ್ಟಾರ್ಟ್ ಆಗಬೇಕೆಂಬುದು ಅದಕ್ಕೆ ಹಾಕಿದ್ದ ಶರತ್ತು. 2014-15ರ ಚಳಿಗಾಲದಲ್ಲಿ, ಇಡೀ ರಾತ್ರಿ ಬಯಲಿನಲ್ಲಿ ಚಳಿ ಕುಡಿದು ನಿಂತ ತೇಜಸ್ ಅದನ್ನು ದಾಟಿತು. ಅದೇ ಚಳಿಗಾಲದಲ್ಲಿ ಎಚ್.ಎ.ಎಲ್.ನ ಲಘು ಯುದ್ಧ ಹೆಲಿಕಾಪ್ಟರ್ ಮೈನಸ್ 18 ಡಿಗ್ರಿಯಲ್ಲಿ ರಾತ್ರಿ ಕಳೆದು, ಬೆಳಿಗ್ಗೆ ತನ್ನದೇ ಬ್ಯಾಟರಿಯಿಂದ ಎದ್ದಿತು. ಮಾರತಹಳ್ಳಿಯ ಟ್ರಾಫಿಕ್ಕಿನಲ್ಲಿ ನಿಂತು ಎಚ್.ಎ.ಎಲ್.ನ ಗೋಡೆ ನೋಡುವವರಿಗೆ ಇದರ ಸುಳಿವೂ ಸಿಗದು.

ಸಾಫ್ಟ್‌ವೇರಿನ ಕಾಲದಲ್ಲಿ ಚಳಿಯನ್ನು ಹುಡುಕಿಕೊಂಡು ಲೇಹ್‌ಗೆ ಹೋಗುವ ಅಗತ್ಯ ಕಡಿಮೆಯಾಯಿತು. ಡೀಸೆಲ್ ಸಿಂಪಡಣೆಯನ್ನು ಎಲೆಕ್ಟ್ರಾನಿಕ್ ಆಗಿ ಹಿಡಿತದಲ್ಲಿಡುವ ಕಾಮನ್ ರೈಲ್ ಎಂಜಿನ್ನಿನ ಕಂಟ್ರೋಲ್ ಯುನಿಟ್ ಕೂಲೆಂಟಿನ ಉಷ್ಣಾಂಶ ನೋಡಿಕೊಂಡು ಹೀಟರ್ ಪ್ಲಗ್ ಎಷ್ಟು ಹೊತ್ತು ಕಾಯಬೇಕು, ಡೀಸೆಲ್ ಎಷ್ಟು, ಯಾವ ಕ್ಷಣಕ್ಕೆ, ಎಷ್ಟು ಕಂತಿನಲ್ಲಿ ಎಂಬುದನ್ನೆಲ್ಲ ತೀರ್ಮಾನಿಸುತ್ತದೆ. ಇಂಥ ಪ್ರೋಗ್ರಾಮುಗಳ ಕೆಲಸಕ್ಕೆ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಬಾಷ್ ಇದೆ. 1996ರಲ್ಲಿ ಬೆಂಗಳೂರಿಗೆ ಬಂದ ಮರ್ಸಿಡಿಸ್-ಬೆಂಜ್ ಸಂಶೋಧನಾ ಕೇಂದ್ರ ವೈಟ್‌ಫೀಲ್ಡಿನಲ್ಲಿದೆ. ಪ್ರಯೋಗಾಲಯದ ಮೇಜಿನ ಮೇಲೆ ಚಳಿಯೆಂದರೆ ಬರೀ ಒಂದು ವಿದ್ಯುತ್ ರೋಧ. ಸಾಮಾನ್ಯ ಸೆನ್ಸರ್ 20 ಡಿಗ್ರಿಯಲ್ಲಿ ಸುಮಾರು 2,500 ಓಮ್ ತೋರಿಸಿದರೆ ಮೈನಸ್ 20ರಲ್ಲಿ 15,000 ಓಮ್ ದಾಟುತ್ತದೆ. ಅಷ್ಟನ್ನು ತೋರಿಸಿದರೆ ಕಂಟ್ರೋಲ್ ಯುನಿಟ್ ತಾನು ಹಿಮದಲ್ಲಿದ್ದೇನೆಂದು ನಂಬುತ್ತದೆ. ನಿಜವಾದ ಚಳಿ ಬೇಕೆಂದಾಗ ಪೀಣ್ಯದಂಥ ಕಡೆ ಟೆಸ್ಟ್ ಚೇಂಬರ್‌ಗಳಿವೆ. ಹೊರಗೆ 28 ಡಿಗ್ರಿ ಬಿಸಿಲಿರುವಾಗ ಒಳಗಿನ ಬಿಡಿಭಾಗ ಮೈನಸ್ 40ರಲ್ಲಿ ಗಂಟೆಗಟ್ಟಲೆ ಕೂತಿರುತ್ತದೆ. ಕೊನೆಯ ಪರೀಕ್ಷೆಗೆ ಮಾತ್ರ ಸ್ವೀಡನ್ನಿನ ಆರ್ಯೆಪ್ಲೋಗ್‌ನಂಥ ಹಿಮದ ಟ್ರ್ಯಾಕ್ ಬೇಕೇ ಬೇಕು. ಓಮ್ ಲೆಕ್ಕಕ್ಕೆ ಆಯಿಲ್ ಮಂದವಾಗುವುದಿಲ್ಲ.

ಇಲ್ಲೊಂದು ತಮಾಷೆ. ಎಂಜಿನ್ ಹೀಟರ್ ಬೆಂಗಳೂರಿನಲ್ಲೇ ಹಗಲಿರುಳು ಕೆಲಸ ಮಾಡುವ ಜಾಗವೂ ಇದೆ, ಐಟಿ ಪಾರ್ಕುಗಳ ಡೀಸೆಲ್ ಜನರೇಟರು. ಕರೆಂಟ್ ಹೋದ ಕೆಲವೇ ಸೆಕೆಂಡುಗಳಲ್ಲಿ ಪೂರ್ತಿ ಲೋಡ್ ಹೊರಬೇಕಾದ ದೊಡ್ಡ ಡಿಜಿಗಳ ಕೂಲೆಂಟನ್ನು ಸದಾ ಬೆಚ್ಚಗಿಡುವ ಹೀಟರ್, ಮೂಲದಲ್ಲಿ ಶೀತದೇಶದ ಉಪಾಯವೇ.

ಚಳಿಯನ್ನು ಸಾಫ್ಟ್‌ವೇರೇ ನಿಭಾಯಿಸುತ್ತದೆ ಎಂಬ ಭರವಸೆಯ ಬಗ್ಗೆ ನನಗೆ ಎರಡು ತಕರಾರುಗಳಿವೆ. ಒಂದು, ಅದು ಎಲ್ಲರಿಗೂ ತಲುಪಿಲ್ಲ. 2023ರ ಜನವರಿಯಿಂದ ಜಾರಿಯಾದ ಹೊಗೆ ನಿಯಮ 50 ಅಶ್ವಶಕ್ತಿಗಿಂತ ದೊಡ್ಡ ಟ್ರ್ಯಾಕ್ಟರುಗಳನ್ನು ಕಾಮನ್ ರೈಲಿನತ್ತ ತಳ್ಳಿತು. ನಮ್ಮಲ್ಲಿ ಮಾರಾಟವಾಗುವ ಬಹುಪಾಲು ಟ್ರ್ಯಾಕ್ಟರುಗಳು ಅದಕ್ಕಿಂತ ಚಿಕ್ಕವು. ಹಿಮಾಚಲದ ಸೇಬಿನ ತೋಟದ ರೈತನಿಗೆ ಇಂದಿಗೂ ಥರ್ಮೋಸ್ಟಾರ್ಟ್, ಸರಿಯಾದ ಆಯಿಲ್, ಕೂಲೆಂಟಿನ ಅಳತೆ ಇವೇ ಗತಿ. ಮೆಕ್ಯಾನಿಕ್ಕಿಗೆ ಅದನ್ನು ಹೇಳಿಕೊಡುವ ಕೆಲಸ ಪ್ರೋಗ್ರಾಮ್ ಬರೆಯುವ ಕೆಲಸದಷ್ಟು ಭರದಿಂದ ನಡೆದಿಲ್ಲ. ಎರಡು, ಗಟ್ಟಿಯಾದ ಡೀಸೆಲ್ಲನ್ನು ಯಾವ ಪ್ರೋಗ್ರಾಮೂ ಕರಗಿಸದು. ಭಾರತೀಯ ಮಾನಕದ ಪ್ರಕಾರ ಚಳಿಗಾಲದ ಡೀಸೆಲ್ಲಿನ ಹರಿವು ನಿಲ್ಲುವ ಮಟ್ಟ 3 ಡಿಗ್ರಿಯವರೆಗೂ ಇರಬಹುದು; ಬಯಲುಸೀಮೆಗೆ ಅದು ಸಾಕು, ಲಡಾಖಿಗೆ ಸಾಲದು. ಇದಕ್ಕೆ ಉತ್ತರ ಬಂದದ್ದು ಬೆಂಗಳೂರಿನಿಂದಲ್ಲ, ಪಾಣಿಪತ್ತಿನ ತೈಲಾಗಾರದಿಂದ. ಇಂಡಿಯನ್ ಆಯಿಲ್ 2019ರ ನವೆಂಬರಿನಲ್ಲಿ ಲಡಾಖಿಗೆಂದು ಬಿಟ್ಟ ಡೀಸೆಲ್ ಮೈನಸ್ 33ರವರೆಗೂ ಹರಿಯುತ್ತದೆ.

ಈಗ ಬೆಂಗಳೂರು-ಹೊಸೂರು ಪಟ್ಟಿಯ ಗಮನ ವಿದ್ಯುತ್ ವಾಹನಗಳತ್ತ ಹೊರಳಿದೆ. ಅಲ್ಲಿ ಡೀಸೆಲ್ಲಿನ ಮೇಣದ ಕಾಟವಿಲ್ಲ. ಆದರೆ ಲಿಥಿಯಂ ಬ್ಯಾಟರಿಯನ್ನು ಸೊನ್ನೆಗಿಂತ ಕೆಳಗೆ ಚಾರ್ಜ್ ಮಾಡಹೋದರೆ ಲಿಥಿಯಂ ಲೋಹವಾಗಿ ಋಣಧ್ರುವದ ಗ್ರಾಫೈಟಿನ ಮೇಲೆ ಕೂತು ಸೆಲ್ಲನ್ನು ಕೆಡಿಸುತ್ತದೆ. ಹಾಗಾಗಿ ಬ್ಯಾಟರಿಯ ಕಂಟ್ರೋಲ್ ಸರ್ಕ್ಯೂಟ್ ಚಾರ್ಜನ್ನು ತಡೆದು ಮೊದಲು ಬ್ಯಾಟರಿ ಬೆಚ್ಚಗಾಗಲು ಕಾಯಬೇಕು. ಡೀಸೆಲ್ ಎಂಜಿನ್ ಒಮ್ಮೆ ಹೊತ್ತಿಕೊಂಡರೆ ಪುಕ್ಕಟೆ ಶಾಖ ಕೊಡುತ್ತದೆ. ಇಲ್ಲಿ ಆ ಶಾಖವೂ ಬಹುಮಟ್ಟಿಗೆ ಬ್ಯಾಟರಿಯಿಂದಲೇ ಬರಬೇಕು, ಅಷ್ಟರಮಟ್ಟಿಗೆ ಓಡಾಟಕ್ಕೋ ಉಳುಮೆಗೋ ಉಳಿಯುವ ಚಾರ್ಜೂ ಕಡಿಮೆ.