ಸೆರ್ಬಿಯಾದಲ್ಲಿ ಸ್ಕಾಟ್ಲೆಂಡಿನ ದಾದಿಯರು

ಚಿಕಿತ್ಸೆಗೆ ವೈದ್ಯ, ಔಷಧ, ಪರಿಚಾರಕ, ರೋಗಿ ಎಂಬ ನಾಲ್ಕು ಪಾದಗಳುಂಟೆಂದೂ, ಪರಿಚಾರಕನಲ್ಲಿ ಉಪಚಾರಜ್ಞಾನ, ದಕ್ಷತೆ, ಅನುರಾಗ, ಶೌಚ ಎಂಬ ನಾಲ್ಕು ಗುಣಗಳಿರಬೇಕೆಂದೂ ಚರಕಸಂಹಿತೆಯು ವಿಧಿಸಿರುವುದು. ಈ ಗುಣಗಳು ಪರದೇಶದಲ್ಲಿ ಪರೀಕ್ಷೆಗೊಳಗಾದ ವೃತ್ತಾಂತವೊಂದನ್ನು ವಾಚಕರ ಮುಂದಿಡುತ್ತೇನೆ.

1914ರಲ್ಲಿ ಮಹಾಯುದ್ಧವು ಆರಂಭವಾದಾಗ, ನಮ್ಮ ನೈನಿತಾಲಿನಲ್ಲಿ ಜನಿಸಿದ ವೈದ್ಯೆ ಎಲ್ಸಿ ಇಂಗ್ಲಿಸ್, ಸ್ತ್ರೀಯರೇ ನಡೆಯಿಸುವ ಆಸ್ಪತ್ರೆಗಳನ್ನು ಸ್ಥಾಪಿಸಲು ಮುಂದಾದಳು. ಬ್ರಿಟಿಷ್ ಯುದ್ಧ ಇಲಾಖೆಯು ಆಕೆಯ ನೆರವನ್ನು ತಿರಸ್ಕರಿಸಿತು. ಫ್ರಾನ್ಸೂ ಸೆರ್ಬಿಯಾವೂ ಆದರದಿಂದ ಸ್ವೀಕರಿಸಿದುವು. 1915ರ ಜನವರಿಯಲ್ಲಿ ಒಂದು ತಂಡವು ಸೆರ್ಬಿಯಾದ ಕ್ರಾಗುಯೆವಾಟ್ಸ್ ಪಟ್ಟಣವನ್ನು ಸೇರಿತು. ಗಾಯಾಳುಗಳ ಶುಶ್ರೂಷೆಗೆಂದು ಬಂದವರಿಗೆ ಎದುರಾದುದು ಭಯಂಕರವಾದ ಟೈಫಸ್ ಜ್ವರ. ಹೇನುಗಳಿಂದ ಹರಡುವ ಆ ವ್ಯಾಧಿಗೆ ಆಗ ಮದ್ದಿರಲಿಲ್ಲ. ರೋಗಿಯ ಮೈ ತೊಳೆಯುವುದು, ಬಟ್ಟೆಗಳನ್ನು ಶುದ್ಧಿಮಾಡುವುದು, ಎಡೆಬಿಡದೆ ಆರೈಕೆ ಮಾಡುವುದು—ಇವೇ ದಾದಿಯರ ಆಯುಧಗಳು.

ಅದೇ ಊರಿನ ಮತ್ತೊಂದು ಆಸ್ಪತ್ರೆಯಲ್ಲಿದ್ದ ವೈದ್ಯೆ ಎಲಿಜಬೆತ್ ರಾಸ್ ಜ್ವರಪೀಡಿತಳಾಗಲು, ಈ ತಂಡದ ದಾದಿ ಲೂಯಿಸಾ ಜೋರ್ಡನ್ ಆಕೆಯ ಶುಶ್ರೂಷೆಗೆ ನಿಂತಳು. ಫೆಬ್ರವರಿ 14ರಂದು ರಾಸ್ ತೀರಿಕೊಂಡಳು. ಮಾರ್ಚಿ 6ರಂದು ಅದೇ ಜ್ವರದಿಂದ ಜೋರ್ಡನ್ನಳೂ ಮೃತಳಾದಳು. ಆಗ ಆಕೆಗೆ 36 ವರ್ಷ.

2020ರಲ್ಲಿ ಕೋವಿಡ್ ಪಿಡುಗು ಬಂದಾಗ ಗ್ಲಾಸ್ಗೋ ನಗರದ ತಾತ್ಕಾಲಿಕ ಆಸ್ಪತ್ರೆಗೆ ಈ ದಾದಿಯ ಹೆಸರನ್ನಿಟ್ಟರು. ರಾಜರ, ಸೇನಾಪತಿಗಳ, ಕೌಲುಗಳ ಹೆಸರುಗಳನ್ನು ಹಲವು ವರ್ಷ ಬಾಲಕರಿಗೆ ಬಾಯಿಪಾಠ ಮಾಡಿಸಿದ ನಾನು ಇವಳ ಹೆಸರನ್ನು ಒಮ್ಮೆಯೂ ಹೇಳಿಕೊಡಲಿಲ್ಲ. ಆ ಲೋಪವನ್ನು ಈ ನಾಲ್ಕು ಮಾತುಗಳಿಂದ ತುಸುವಾದರೂ ತುಂಬಿಕೊಂಡಿದ್ದೇನೆ.