ಕೆಂಪು ಗುರಾಣಿಯ ಮನೆತನ

ಫ್ರಾಂಕ್‌ಫರ್ಟ್ ನಗರದ ಆಡಳಿತವು 1462ರಲ್ಲಿ ಅಲ್ಲಿನ ಯೆಹೂದ್ಯರನ್ನು ಹಳೆಯ ಕೋಟೆಗೋಡೆಯ ಮಗ್ಗುಲಿನ ಒಂದೇ ಬೀದಿಗೆ ಬಲಾತ್ಕಾರವಾಗಿ ಸಾಗಿಸಿ, ಅದರ ದ್ವಾರಗಳನ್ನು ರಾತ್ರಿಯ ವೇಳೆಯಲ್ಲಿಯೂ, ಭಾನುವಾರಗಳಲ್ಲಿಯೂ, ಕ್ರೈಸ್ತರ ಹಬ್ಬದ ದಿನಗಳಲ್ಲಿಯೂ ಮುಚ್ಚಿಸುವ ಕಟ್ಟಳೆಯನ್ನು ಮಾಡಿತು. ಬೀದಿಯ ಉದ್ದ ಸುಮಾರು 330 ಮೀಟರು. ಅಗಲವೋ ಮೂರು ನಾಲ್ಕು ಮೀಟರು ಮಾತ್ರ. 1616ರ ನಿಬಂಧನೆಯು ಕುಟುಂಬಗಳ ಸಂಖ್ಯೆಯನ್ನು 500ಕ್ಕೂ, ವಿವಾಹಗಳನ್ನು ವರ್ಷಕ್ಕೆ 12ಕ್ಕೂ ಮಿತಗೊಳಿಸಿದರೂ ಜನ ಬೆಳೆಯುತ್ತಲೇ ಹೋದುದರಿಂದ, ಒಂದು ಮನೆ ಸೀಳಿ ಎರಡಾಯಿತು, ಹಿತ್ತಿಲುಗಳಲ್ಲಿಯೂ ಮನೆಗಳೆದ್ದುವು, ಮಹಡಿಯ ಮೇಲೆ ಮಹಡಿ ಏರಿ ಬಿಸಿಲು ನೆಲಕ್ಕಿಳಿಯದಂತಾಯಿತು.

ಇಂತಹ ಇಕ್ಕಟ್ಟಿನಲ್ಲಿ ಮನೆಗಳನ್ನು ಗುರುತಿಸುತ್ತಿದ್ದುದು ಅವುಗಳ ಚಿಹ್ನೆಗಳಿಂದ: ಒಂದಕ್ಕೆ ಹದ್ದು, ಒಂದಕ್ಕೆ ಹಡಗು, ಮತ್ತೊಂದಕ್ಕೆ ಉಷ್ಟ್ರಪಕ್ಷಿ. ಪರಂಪರೆಯಂತೆ ಯೆಹೂದ್ಯನು ಇಂಥವನ ಮಗನೆಂದು ಕರೆಸಿಕೊಳ್ಳುತ್ತಿದ್ದವನು. ಬೀದಿಯಲ್ಲಾದರೋ ತಂದೆಯ ಹೆಸರಿನ ಜೊತೆಗೆ ಮನೆಯ ಚಿಹ್ನೆಯೂ ಅಂಟಿಕೊಂಡು, ಆಡ್ಲರ್, ಶಿಫ್, ಸ್ಟ್ರೌಸ್ ಎಂಬ ಹೆಸರುಗಳು ರೂಢಿಗೆ ಬಂದುವು. ನಗರದ ಹಳೆಯ ಯೆಹೂದ್ಯ ಶ್ಮಶಾನದಲ್ಲಿ ಗೋರಿಗಲ್ಲುಗಳ ಮೇಲೆ ಮೃತರ ಮನೆಯ ಚಿಹ್ನೆಯನ್ನೇ ಕೆತ್ತಿರುವುದುಂಟು. ಹೀಬ್ರೂ ಅಕ್ಷರಪಂಕ್ತಿಗಳ ಜೊತೆಗೆ ಹಡಗೋ ಹುಂಜವೋ ಮೂಡಿರುವ ಆ ಕಲ್ಲುಗಳು, ಸ್ವಂತ ಇಚ್ಛೆಯಿಂದ ಆರಿಸದ ಬೀದಿಯನ್ನೂ ಜನ ತಮ್ಮದಾಗಿಸಿಕೊಂಡ ಬಗೆಗೆ ನನಗೆ ಅತ್ಯಂತ ಮನಮುಟ್ಟುವ ಸಾಕ್ಷ್ಯಗಳಾಗಿ ತೋರುತ್ತವೆ.

ಹದಿನಾರನೆಯ ಶತಮಾನದಲ್ಲಿ ಐಸಾಕ್ ಎಲ್ಖಾನನ್ ಎಂಬಾತನು ಕೆಂಪು ಗುರಾಣಿಯ ಮನೆಯಲ್ಲಿ ವಾಸವಾಗಿದ್ದನು. ಜರ್ಮನ್ ಭಾಷೆಯಲ್ಲಿ ಕೆಂಪು ಗುರಾಣಿಯೇ ರೋಟ್‌ಶಿಲ್ಡ್. ಅವನ ಸಂತತಿಯವರು ಮುಂದಿನ ಶತಮಾನದಲ್ಲಿ ಆ ಮನೆಯನ್ನು ತೊರೆದು ಅದೇ ಬೀದಿಯ ಬೇರೊಂದು ಮನೆಗೆ ಹೋದರೂ ಹೆಸರನ್ನು ತೊರೆಯಲಿಲ್ಲ. ಮನೆತನದ ಬ್ಯಾಂಕಿನ ವ್ಯವಹಾರಕ್ಕೆ ಅಡಿಪಾಯ ಹಾಕಿದ ಮೇಯರ್ ಆಮ್ಶೆಲ್ 1744ರಲ್ಲಿ ಹುಟ್ಟಿದ್ದು ಆ ಎರಡನೆಯ ಮನೆಯಲ್ಲಿ; ಅನುಕೂಲಸ್ಥನಾದ ಬಳಿಕ ಅವನು ಕೊಂಡದ್ದು ಹಸಿರು ಗುರಾಣಿಯ ಮನೆಯನ್ನು. ಅಷ್ಟುಹೊತ್ತಿಗೆ ಕೆಂಪು ಗುರಾಣಿ ಕುಲನಾಮವಾಗಿ ಸ್ಥಿರಪಟ್ಟಿತ್ತು. ಅವನ ಐವರು ಗಂಡುಮಕ್ಕಳು ಫ್ರಾಂಕ್‌ಫರ್ಟ್, ಲಂಡನ್, ಪ್ಯಾರಿಸ್, ವಿಯೆನ್ನಾ, ನೇಪಲ್ಸ್ ನಗರಗಳಲ್ಲಿ ಅರಸರಿಗೇ ಸಾಲ ಕೊಡುವಷ್ಟು ಬೆಳೆದರೂ, ಅವರ ತಾಯಿ ಗುಟ್ಲೆ ಮಾತ್ರ 1849ರಲ್ಲಿ ತೊಂಬತ್ತು ದಾಟಿ ಕಣ್ಣುಮುಚ್ಚುವ ತನಕ ಆ ಇಕ್ಕಟ್ಟಿನ ಮನೆಯನ್ನು ಬಿಟ್ಟು ಕದಲಲಿಲ್ಲ.

ಇತರೆಡೆಗಳಲ್ಲಿ ಯೆಹೂದ್ಯರಿಗೆ ಸ್ಥಿರವಾದ ಕುಲನಾಮವು ಬಹುಮಟ್ಟಿಗೆ ರಾಜಾಜ್ಞೆಯಿಂದ ಬಂದುದು: ಆಸ್ಟ್ರಿಯದಲ್ಲಿ ಎರಡನೆಯ ಜೋಸೆಫನ 1787ರ ಶಾಸನ, ಫ್ರಾನ್ಸಿನಲ್ಲಿ ನೆಪೋಲಿಯನ್ನನ 1808ರ ಆಜ್ಞೆ, ಪ್ರಷ್ಯದಲ್ಲಿ 1812ರ ಶಾಸನ. ಫ್ರಾಂಕ್‌ಫರ್ಟಿನ ಹೆಸರುಗಳು ಇವೆಲ್ಲಕ್ಕೂ ಹಿರಿಯವು.

ರೋಟ್‌ಶಿಲ್ಡ್ ಎಂಬ ಹೆಸರು ಹೊತ್ತವರೆಲ್ಲ ಬ್ಯಾಂಕಿನ ಮನೆತನದವರಲ್ಲ. ಜರ್ಮನಿಯ ಹಳ್ಳಿಗಳಲ್ಲಿ ದನದ ವ್ಯಾಪಾರದಿಂದ ಹೊಟ್ಟೆಹೊರೆದವರಲ್ಲಿಯೂ ಈ ಹೆಸರಿನವರು ಇದ್ದರು. ಆದರೂ ಈ ಹೆಸರು ಕಿವಿಗೆ ಬಿದ್ದೊಡನೆ ಅಪಾರ ಧನವನ್ನೇ ನೆನೆಯುವ ಅಭ್ಯಾಸ ಲೋಕಕ್ಕೆ ಅಂಟಿತು. ಯೆಹೂದ್ಯದ್ವೇಷಿಗಳು ಅದನ್ನು ಪೋಷಿಸಿದರು. 1940ರಲ್ಲಿ ನಾಜಿಗಳು ಇದೇ ಹೆಸರನ್ನಿಟ್ಟು ಒಂದು ದ್ವೇಷದ ಚಲಚ್ಚಿತ್ರವನ್ನೇ ತಯಾರಿಸಿದರು. ಆ ವರ್ಷಗಳಲ್ಲಿ ಮರಣಶಿಬಿರಗಳಿಗೆ ಒಯ್ಯಲ್ಪಟ್ಟ ರೋಟ್‌ಶಿಲ್ಡರಲ್ಲಿ ಬಹುಪಾಲು ಮಂದಿಗೆ ಬ್ಯಾಂಕಿನ ಹಣದೊಡನೆ ಯಾವ ಸಂಬಂಧವೂ ಇರಲಿಲ್ಲ.